ಮರೆಹೊಕ್ಕವರ ರಕ್ಷಣೆ: ದ್ವಿತೀಯ ಮಹಾಯುದ್ಧಕಾಲದಲ್ಲಿ ಯೆಹೂದ್ಯರಿಗೆ ಆಶ್ರಯವಿತ್ತ ಮುಸಲ್ಮಾನರು

ದ್ವಿತೀಯ ಮಹಾಯುದ್ಧದ ಅವಧಿಯಲ್ಲಿ ನಾಜೀ ಜರ್ಮನಿಯೂ ಅದರ ಮಿತ್ರಾಡಳಿತಗಳೂ ಕೂಡಿ ಯೂರೋಪಿನ ಸುಮಾರು ೬೦ ಲಕ್ಷ ಯೆಹೂದ್ಯರ ಪ್ರಾಣಹರಣ ಮಾಡಿದ ಸಂಗತಿ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ ಆಗಿದೆ. ಆ ಹಿಂಸೆಯ ನಡುವೆಯೂ ತಮ್ಮ ಜೀವವನ್ನು ಅಪಾಯಕ್ಕೊಡ್ಡಿ ಯೆಹೂದ್ಯರನ್ನು ಬಚ್ಚಿಟ್ಟು ಕಾಪಾಡಿದ ಅನ್ಯಮತೀಯರು ಇದ್ದರು. ಅಂಥವರನ್ನು ಗುರುತಿಸಿ ಗೌರವಿಸುವ ಕಾರ್ಯವನ್ನು ಜೆರೂಸಲೆಮಿನ ಯಾದ್ ವಶೆಮ್ ಎಂಬ ಸ್ಮಾರಕಸಂಸ್ಥೆಯು ೧೯೬೩ರಿಂದ ನಡೆಸಿಕೊಂಡು ಬಂದಿದೆ. ಅದು ಸಿದ್ಧಪಡಿಸಿರುವ ಪಟ್ಟಿಯಲ್ಲಿ ಇಂದು ೨೮ ಸಾವಿರಕ್ಕೂ ಮಿಕ್ಕಿ ಹೆಸರುಗಳಿವೆ. ಯುದ್ಧ ನಡೆದ ನೆಲ ಬಹುಮಟ್ಟಿಗೆ ಕ್ರೈಸ್ತರದಾದುದರಿಂದ ಈ ಪಟ್ಟಿಯಲ್ಲಿ ಕ್ರೈಸ್ತರ ಹೆಸರುಗಳೇ ಹೆಚ್ಚಾಗಿರುವುದು ಸಹಜ. ಆದರೆ ಮುಸಲ್ಮಾನರ ಹೆಸರುಗಳೂ ಅಲ್ಲಿ ಉಂಟು. ಅವುಗಳಲ್ಲಿ ಬಹುಪಾಲು ಅಲ್ಬೇನಿಯ ಮತ್ತು ಬೊಸ್ನಿಯಗಳಿಗೆ ಸೇರಿದವು. ಪ್ರಸ್ತುತ ಲೇಖನದಲ್ಲಿ ನಾವು ಇವರ ವಿಚಾರವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸಬೇಕೆಂದಿದ್ದೇವೆ.

ಈ ವಿಷಯವನ್ನು ಕುರಿತು ಬರೆಯುವವರು ಎರಡು ಬಗೆಯ ತಪ್ಪಿಗೆ ಒಳಗಾಗುವುದನ್ನು ನಾವು ಕಂಡಿದ್ದೇವೆ. ಕೆಲವರು ಇಂಥ ಜನ ಇದ್ದರೆಂಬುದನ್ನೇ ಮರೆತು, ಯುದ್ಧಕಾಲದಲ್ಲಿ ಬರ್ಲಿನ್ನಿಗೆ ಹೋಗಿ ಹಿಟ್ಲರನ ಪಕ್ಷ ವಹಿಸಿದ ಜೆರೂಸಲೆಮಿನ ಮುಫ್ತಿ ಹಾಜಿ ಅಮೀನ್ ಅಲ್ ಹುಸೇನಿಯೊಬ್ಬನನ್ನೇ ಇಡೀ ಮುಸಲ್ಮಾನ ಲೋಕದ ಪ್ರತಿನಿಧಿಯೆಂಬಂತೆ ಚಿತ್ರಿಸುತ್ತಾರೆ. ಮತ್ತೆ ಕೆಲವರು ನಾಲ್ಕಾರು ಉದಾತ್ತ ಪ್ರಸಂಗಗಳನ್ನು ಆಯ್ದು ಪೋಣಿಸಿ, ಅಂಕಿಗಳನ್ನು ಉಬ್ಬಿಸಿ, ಸರ್ವಮತಸಾಮರಸ್ಯದ ಸ್ತೋತ್ರವೊಂದನ್ನು ರಚಿಸುತ್ತಾರೆ. ಇವೆರಡೂ ಚರಿತ್ರೆಯಾಗಲಾರವು. ನಮ್ಮ ಪ್ರಶ್ನೆ ಇದಕ್ಕಿಂತ ಚಿಕ್ಕದು. ರಾತ್ರಿಯ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತ ಯೆಹೂದ್ಯನನ್ನು ಒಳಗೆ ಕರೆದುಕೊಂಡ ಮುಸಲ್ಮಾನ ಗೃಹಸ್ಥನು ಆತನನ್ನು ಏನೆಂದು ಬಗೆದನು? ಯಾವ ಕಟ್ಟಳೆಯ ಮೇರೆಗೆ ಆತನನ್ನು ಕಾಯುವುದು ತನ್ನ ಹೊಣೆಯೆಂದು ತಿಳಿದನು? ಸಾಕ್ಷ್ಯ ಗಟ್ಟಿಯಾಗಿರುವ ಪ್ರಸಂಗಗಳನ್ನು ನೋಡಿದರೆ, ಬಾಗಿಲಿಗೆ ಬಂದವನು ಅವರ ಕಣ್ಣಿಗೆ ಮೊದಲು ಅತಿಥಿಯಾಗಿಯೋ, ನೆರೆಯವನಾಗಿಯೋ, ವಿದ್ಯೆ ಕಲಿಸಿದ ಒಡೆಯನಾಗಿಯೋ ಕಂಡನೆಂದು ತೋರುತ್ತದೆ. ಆತನ ಮತ ಯಾವುದೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಹೊಣೆಯನ್ನು ನಿಶ್ಚಯಿಸಿದ್ದು ಅದಲ್ಲ. ಈ ಮಾತಿಗೆ ಆಧಾರವನ್ನೂ ಅದರ ಮಿತಿಯನ್ನೂ ಮುಂದೆ ತೋರಿಸುತ್ತೇವೆ.

ಮೊದಲು ಅಲ್ಬೇನಿಯ. ಏಡ್ರಿಯಾಟಿಕ್ ಸಮುದ್ರದ ಪೂರ್ವದಂಡೆಯ ಮೇಲೆ, ಗ್ರೀಸಿನ ಉತ್ತರಕ್ಕೆ, ಬೆಟ್ಟಗಳಿಂದ ತುಂಬಿದ ಸಣ್ಣ ದೇಶ ಇದು. ಯುದ್ಧಪೂರ್ವದಲ್ಲಿ ಅದರ ಜನಸಂಖ್ಯೆ ಸುಮಾರು ೧೦ ಲಕ್ಷ. ಅದರಲ್ಲಿ ನೂರಕ್ಕೆ ೭೦ರಷ್ಟು ಮಂದಿ ಮುಸಲ್ಮಾನರು. ಉಳಿದವರು ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಪಂಥಗಳ ಕ್ರೈಸ್ತರು. ಮುಸಲ್ಮಾನರಲ್ಲಿ ಸುನ್ನಿಗಳಲ್ಲದೆ ಬೆಕ್ತಾಷಿ ಎಂಬ ಸೂಫಿ ಪಂಥದವರೂ ಗಣನೀಯ ಸಂಖ್ಯೆಯಲ್ಲಿದ್ದರು. ೧೯೨೫ರಲ್ಲಿ ತುರ್ಕಿಯ ಸರ್ಕಾರವು ದರ್ವೇಶಿ ಪಂಥಗಳನ್ನು ನಿಷೇಧಿಸಿದ ಮೇಲೆ ಈ ಪಂಥದ ಕೇಂದ್ರವೇ ಅಲ್ಬೇನಿಯಕ್ಕೆ ಬಂದು ನೆಲೆಸಿತ್ತು. ಯೆಹೂದ್ಯರಾದರೋ ಅಲ್ಲಿ ಸುಮಾರು ೨೦೦ ಮಂದಿ ಮಾತ್ರ. ಜರ್ಮನಿ, ಆಸ್ಟ್ರಿಯಗಳಿಂದಲೂ, ೧೯೪೧ರಲ್ಲಿ ಯುಗೋಸ್ಲಾವಿಯ ಛಿದ್ರವಾದ ಮೇಲೆ ಅಲ್ಲಿಂದಲೂ ತಲೆಮರೆಸಿಕೊಂಡು ಬಂದವರು ಇವರೊಡನೆ ಸೇರಿಕೊಂಡರು. ೧೯೩೯ರ ಏಪ್ರಿಲ್‌ನಲ್ಲಿ ಇಟಲಿಯು ದೇಶವನ್ನು ಆಕ್ರಮಿಸಿತು. ಇಟಲಿಯವರು ನಿರಾಶ್ರಿತರನ್ನು ಬೆರಾತ್, ಕವಾಯ ಮೊದಲಾದ ಊರುಗಳಲ್ಲಿ ಹದ್ದುಬಸ್ತಿನಲ್ಲಿಟ್ಟರಾದರೂ ಕೊಲ್ಲುವ ಯೋಜನೆಯೇನೂ ಅವರಲ್ಲಿರಲಿಲ್ಲ. ೧೯೪೩ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಗಲು ಜರ್ಮನ್ ಸೈನ್ಯ ಒಳನುಗ್ಗಿತು. ನಿಜವಾದ ಅಪಾಯ ಪ್ರಾರಂಭವಾದುದು ಆಗಲೇ.

ಅಲ್ಬೇನಿಯದವರಲ್ಲಿ 'ಬೆಸ' ಎಂಬುದೊಂದು ಮಾತಿದೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದವನ್ನು ಕೊಡುವುದು ಕಷ್ಟ. ಕೊಟ್ಟ ಮಾತು, ಆ ಮಾತಿನ ಮೇಲಿನ ನಂಬಿಕೆ, ಆ ನಂಬಿಕೆಯಿಂದ ಮರೆಹೊಕ್ಕವನಿಗೆ ದೊರೆಯುವ ರಕ್ಷಣೆ, ಇವು ಮೂರೂ ಆ ಒಂದು ಶಬ್ದದಲ್ಲಿ ಅಡಕವಾಗಿವೆ. ನಮ್ಮ ಶಾಸನಗಳನ್ನು ಓದಿದವರಿಗೆ 'ಶರಣಾಗತವಜ್ರಪಂಜರ' ಎಂಬ ಬಿರುದು ಪರಿಚಿತವಾಗಿದೆ. ಮರೆಹೊಕ್ಕವರನ್ನು ಕಾಯುವುದು ವೀರನ ಲಕ್ಷಣವೆಂದು ಅಲ್ಲಿ ಎಣಿಸಲಾಗಿದೆ. ಬೆಸದ ಭಾವವೂ ಇದಕ್ಕೆ ಸಮೀಪವಾದದ್ದೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಬಿರುದು ಅರಸನಿಗೂ ದಂಡನಾಯಕನಿಗೂ ಸಲ್ಲುವಂಥದು. ಬೆಸವಾದರೋ ಒಂದು ಹೊಲ, ಎರಡು ಕೋಣೆಯ ಮನೆ ಇರುವ ಸಾಮಾನ್ಯ ಒಕ್ಕಲಿಗನ ಮೇಲೂ ಬರುವ ಹೊಣೆ.

ಈ ಹೊಣೆಯ ಸ್ವರೂಪವನ್ನು ಉತ್ತರ ಅಲ್ಬೇನಿಯದ ಬೆಟ್ಟಗಾಡಿನ 'ಕನೂನ್' ಎಂಬ ಕಟ್ಟಳೆಗಳ ಸಂಗ್ರಹದಿಂದ ತಿಳಿಯಬಹುದಾಗಿದೆ. ಹದಿನೈದನೆಯ ಶತಮಾನದ ಲೆಕ್ ದುಕಾಜಿನಿ ಎಂಬ ಪಾಳೆಯಗಾರನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಈ ಕಟ್ಟಳೆಗಳು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಬಂದವು. ಅವುಗಳನ್ನು ಬರೆದಿಟ್ಟವನು ಷ್ಟಿಯೆಫೆನ್ ಜೆಚೋವಿ ಎಂಬ ಕ್ಯಾಥೊಲಿಕ್ ಸನ್ಯಾಸಿ. ೧೯೨೯ರಲ್ಲಿ ಆತ ಕೊಲೆಗೀಡಾದ ತರುವಾಯ, ೧೯೩೩ರಲ್ಲಿ ಆ ಸಂಗ್ರಹ ಗ್ರಂಥರೂಪದಲ್ಲಿ ಹೊರಬಂದಿತು. ಮನೆಯ ಮೇಲೆ ಅತಿಥಿಗೆ ಯಜಮಾನನಿಗಿಂತ ಮಿಗಿಲಾದ ಹಕ್ಕುಂಟೆಂಬುದು ಇದರ ತಿರುಳು. ಅತಿಥಿ ತನ್ನ ಮನೆಯಲ್ಲಿರುವಾಗ ಆತನಿಗೆ ಹಾನಿಯುಂಟಾದರೆ ಅದು ಗೃಹಸ್ಥನಿಗೆ ಬಂದ ಅಪಕೀರ್ತಿ. ಹಾನಿ ಮಾಡಿದವನ ಮೇಲೆ ಸೇಡು ತೀರಿಸಿಕೊಳ್ಳುವುದು ಆತನ ಕರ್ತವ್ಯ. ಸ್ವಂತ ಬಂಧುವಿನ ಕೊಲೆಯನ್ನು ಕ್ಷಮಿಸಲು ಅವಕಾಶವುಂಟು, ಅತಿಥಿಯ ಕೊಲೆಯನ್ನು ಕ್ಷಮಿಸಲು ಇಲ್ಲ. ಇದೇ ಸಂಗ್ರಹದಲ್ಲಿ ತಲೆಮಾರುಗಟ್ಟಲೆ ನಡೆಯುವ ರಕ್ತವೈರಕ್ಕೂ ವಿಧಿಗಳಿವೆ ಎಂಬುದನ್ನು ಮರೆಯಬಾರದು. ಅದು ಮೃದುವಾದ ಧರ್ಮಶಾಸ್ತ್ರವೇನೂ ಅಲ್ಲ. ಮುಸಲ್ಮಾನರಿಗೂ ಕ್ರೈಸ್ತರಿಗೂ ಅದು ಸಮಾನವಾಗಿ ಅನ್ವಯಿಸುತ್ತಿತ್ತು. ಆದಕಾರಣ ಬೆಸವನ್ನು ಇಸ್ಲಾಮಿನ ವಿಧಿಯೆಂದು ಹೇಳುವುದು ಸರಿಯಲ್ಲ. ಆದರೆ ಮರೆಹೊಕ್ಕವರನ್ನು ಕಾಯಬೇಕೆಂಬ ಉಪದೇಶ ಖುರಾನಿನಲ್ಲಿಯೂ ಇರುವುದರಿಂದ, ಅಲ್ಬೇನಿಯದ ಮುಸಲ್ಮಾನ ಗೃಹಸ್ಥನಿಗೆ ನಾಡಕಟ್ಟಳೆ ಯಾವುದು, ಮತಧರ್ಮ ಯಾವುದು ಎಂದು ಬಿಡಿಸಿ ನೋಡುವ ಪ್ರಮೇಯವೇ ಬರಲಿಲ್ಲ. ಯುದ್ಧಾನಂತರ ಪ್ರಶ್ನಿಸಿದಾಗ ಅವರಲ್ಲಿ ಅನೇಕರು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ್ದಾರೆ.

ಈಗ ಒಂದು ಕುಟುಂಬದ ವೃತ್ತಾಂತವನ್ನು ನೋಡೋಣ. ಯುಗೋಸ್ಲಾವಿಯದ ನೋವಿಸಾದ್ ನಗರದಲ್ಲಿ ಮೋಶೆ ಮಾಂದಿಲ್ ಎಂಬ ಯೆಹೂದ್ಯನು ಛಾಯಾಚಿತ್ರಗ್ರಾಹಕನಾಗಿದ್ದನು. ೧೯೪೧ರ ಆಕ್ರಮಣದ ಬಳಿಕ ಹೆಂಡತಿ ಮತ್ತು ಗಾವ್ರ, ಇರೇನ ಎಂಬ ಇಬ್ಬರು ಮಕ್ಕಳೊಡನೆ ದಕ್ಷಿಣಕ್ಕೆ ಓಡಿ, ಪ್ರಿಷ್ಟಿನದಲ್ಲಿ ಕೆಲಕಾಲ ಸೆರೆಯಲ್ಲಿದ್ದು, ಕೊನೆಗೆ ಅಲ್ಬೇನಿಯದ ರಾಜಧಾನಿ ತಿರಾನವನ್ನು ಸೇರಿದನು. ಅಲ್ಲಿ ಛಾಯಾಚಿತ್ರದ ಅಂಗಡಿಯೊಂದರಲ್ಲಿ ಆತನಿಗೆ ಕೆಲಸ ಸಿಕ್ಕಿತು. ಅಂಗಡಿಯ ಯಜಮಾನನು ಹಿಂದೆ ಮಾಂದಿಲನ ತಂದೆಯ ಬಳಿಯಲ್ಲೇ ಕೆಲಸ ಕಲಿತವನು. ಅದೇ ಅಂಗಡಿಯಲ್ಲಿ ರೆಫಿಕ್ ವೆಸೆಲಿ ಎಂಬ ಮುಸಲ್ಮಾನ ಹುಡುಗನೊಬ್ಬ ಕೆಲಸ ಕಲಿಯುತ್ತಿದ್ದನು. ಆತನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮಾಂದಿಲನು ಆತನಿಗೆ ತನ್ನ ವಿದ್ಯೆಯನ್ನು ಕಲಿಸತೊಡಗಿದನು.

ಜರ್ಮನರು ಬಂದೊಡನೆ ತಿರಾನದಲ್ಲಿ ಇರುವುದು ಅಸಾಧ್ಯವಾಯಿತು. ರೆಫಿಕನು ತನ್ನ ತಂದೆತಾಯಿಗಳ ಒಪ್ಪಿಗೆ ಪಡೆದು, ೧೯೪೩ರ ನವೆಂಬರ್‌ನಲ್ಲಿ ಮಾಂದಿಲನ ಕುಟುಂಬವನ್ನು ಕ್ರುಯ ಎಂಬ ಬೆಟ್ಟದ ಊರಿಗೆ ಕರೆದೊಯ್ದನು. ಹೇಸರಗತ್ತೆಗಳ ಮೇಲೆ ರಾತ್ರಿಯಲ್ಲಿ ಪ್ರಯಾಣ. ಹಗಲಿನಲ್ಲಿ ಗುಹೆಗಳಲ್ಲಿ ಅಡಗಿರುವುದು. ಕ್ರುಯದಲ್ಲಿ ರೆಫಿಕನ ತಂದೆ ವೆಸೆಲ್, ತಾಯಿ ಫಾತಿಮ ಇವರು ಬಂದವರನ್ನು ಬರಮಾಡಿಕೊಂಡರು. ಮೋಶೆಯೂ ಅವನ ಹೆಂಡತಿಯೂ ದನದ ಕೊಟ್ಟಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ಅಡಗಿದರು. ಮಕ್ಕಳಿಬ್ಬರು ಮಾತ್ರ ವೆಸೆಲಿ ಮನೆಯ ಮಕ್ಕಳ ಜೊತೆಗೆ ಹೊರಗೆ ಆಡಿಕೊಂಡಿದ್ದರು. ಸ್ವಲ್ಪ ಕಾಲದಲ್ಲೇ ರೆಫಿಕನ ಸೋದರನು ತಿರಾನದಿಂದ ಇನ್ನೊಂದು ಯೆಹೂದ್ಯ ಕುಟುಂಬವನ್ನೂ ಕರೆತಂದನು. ೧೯೪೪ರ ನವೆಂಬರ್‌ನಲ್ಲಿ ಅಲ್ಬೇನಿಯ ಬಿಡುಗಡೆಯಾಗುವವರೆಗೆ ಎರಡು ಕುಟುಂಬಗಳೂ ಅಲ್ಲಿಯೇ ಇದ್ದವು.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಊರಿನವರ ನಡತೆ. ಹಳ್ಳಿಯಲ್ಲಿ ಹೊಸ ಮಕ್ಕಳು ಬಂದಿದ್ದಾರೆಂಬುದು ನೆರೆಹೊರೆಗೆ ತಿಳಿಯದೆ ಇರಲಾರದು. ಅಡಗಿಸಿದವರನ್ನು ಕುರಿತು ನಾವು ಬರೆಯುವಾಗ ಸಾಮಾನ್ಯವಾಗಿ ಒಂದು ಮನೆಯ ಹೆಸರನ್ನು ಹೇಳಿ ಮುಗಿಸುತ್ತೇವೆ. ಆದರೆ ಒಂದು ವರ್ಷಕಾಲ ಗುಟ್ಟು ಹೊರಬೀಳದಿರಬೇಕಾದರೆ ಹತ್ತಾರು ಮನೆಗಳು ಬಾಯಿಮುಚ್ಚಿಕೊಂಡಿರಬೇಕು. ಒಬ್ಬನ ಅತಿಥಿಯನ್ನು ಹಿಡಿದುಕೊಡುವುದೆಂದರೆ ಆ ಮನೆಯೊಡನೆ ತಲೆಮಾರುಗಳ ವೈರವನ್ನು ಕಟ್ಟಿಕೊಳ್ಳುವುದು ಎಂಬ ನಾಡಕಟ್ಟಳೆಯ ಭಯವೂ ಈ ಮೌನಕ್ಕೆ ಸಹಾಯಮಾಡಿರಬೇಕೆಂದು ನಾವು ಊಹಿಸುತ್ತೇವೆ. ಎರಡನೆಯದು, ರೆಫಿಕ್ ಮತ್ತು ಮಾಂದಿಲರ ಸಂಬಂಧ. ಅದು ಕಲಿಯುವವನಿಗೂ ಕಲಿಸುವವನಿಗೂ ಇರುವ ಸಂಬಂಧ. ಅಪರಿಚಿತರ ಮೇಲಿನ ಸಾಮಾನ್ಯ ದಯೆಗಿಂತ ಗಟ್ಟಿಯಾದದ್ದು. ಯುದ್ಧ ಮುಗಿದ ಮೇಲೆ ಮಾಂದಿಲನು ನೋವಿಸಾದಿಗೆ ಮರಳಿ ಅಂಗಡಿ ತೆರೆದು, ರೆಫಿಕನನ್ನು ಅಲ್ಲಿಗೆ ಕರೆಸಿಕೊಂಡು, ಅರ್ಧಕ್ಕೆ ನಿಂತಿದ್ದ ಶಿಕ್ಷಣವನ್ನು ಪೂರ್ಣಗೊಳಿಸಿದನು. ೧೯೪೮ರಲ್ಲಿ ಮಾಂದಿಲ್ ಕುಟುಂಬ ಇಸ್ರೇಲಿಗೆ ಹೊರಟುಹೋಯಿತು. ರೆಫಿಕನು ಅಲ್ಬೇನಿಯದಲ್ಲಿ ಛಾಯಾಚಿತ್ರಗ್ರಾಹಕನಾಗಿಯೇ ಬಾಳಿದನು.

ಗೃಹಸ್ಥರ ಸದ್ಗುಣದಿಂದಲೇ ಎಲ್ಲವೂ ಸಾಧ್ಯವಾಯಿತೆಂದು ಹೇಳುವುದಕ್ಕೆ ಬರುವುದಿಲ್ಲ. ಜರ್ಮನರು ಯೆಹೂದ್ಯರ ಪಟ್ಟಿಯನ್ನು ಒಪ್ಪಿಸಬೇಕೆಂದು ಕೇಳಿದಾಗ ಅಲ್ಬೇನಿಯದ ಅಧಿಕಾರಿಗಳು ಅದನ್ನು ಕೊಡಲಿಲ್ಲ. ಅಷ್ಟೇ ಅಲ್ಲದೆ ಹಲವು ಕಚೇರಿಗಳಿಂದ ನಿರಾಶ್ರಿತರಿಗೆ ಸುಳ್ಳು ಹೆಸರಿನ ಗುರುತಿನ ಚೀಟಿಗಳು ದೊರೆತವು. ಯೂರೋಪಿನ ಇತರ ದೇಶಗಳ ಅನುಭವವನ್ನು ಬಲ್ಲವರಿಗೆ ಇದರ ಮಹತ್ವ ತಿಳಿದೇ ಇದೆ. ನೆದರ್ಲೆಂಡಿನಲ್ಲಿ ಜನಗಣತಿಯ ದಫ್ತರಗಳು ಅಚ್ಚುಕಟ್ಟಾಗಿದ್ದುದೇ ಯೆಹೂದ್ಯರಿಗೆ ಮುಳುವಾಯಿತು. ಅಲ್ಬೇನಿಯದಲ್ಲಿ ದಫ್ತರವೂ ಅಷ್ಟು ಬಿಗಿಯಾಗಿರಲಿಲ್ಲ, ರಸ್ತೆಗಳೂ ಇರಲಿಲ್ಲ, ಯೆಹೂದ್ಯರ ಸಂಖ್ಯೆಯೂ ಕಡಮೆ. ಜರ್ಮನರು ಅಲ್ಲಿದ್ದುದೂ ೧೪ ತಿಂಗಳು ಮಾತ್ರ. ಹೆಸರಿಗಾದರೂ ಸ್ವತಂತ್ರವಾದ ಸರ್ಕಾರವೊಂದನ್ನು ಅಲ್ಲಿ ಉಳಿಸಿಕೊಳ್ಳುವುದು ಅವರಿಗೆ ಅನುಕೂಲವಾಗಿತ್ತು. ಈ ಕಾರಣಗಳೆಲ್ಲ ಕೂಡಿಬಂದುದರಿಂದ, ಹಳೆಯ ಅಲ್ಬೇನಿಯದ ಗಡಿಯೊಳಗೆ ಸೆರೆಯಾಗಿ ಸಾವಿಗೀಡಾದದ್ದು ಒಂದೇ ಒಂದು ಯೆಹೂದ್ಯ ಕುಟುಂಬದವರೆಂದು ಹೇಳಲಾಗಿದೆ. ಉಳಿದುಕೊಂಡವರ ಸಂಖ್ಯೆಯನ್ನು ವಿದ್ವಾಂಸರು ಆರುನೂರರಿಂದ ಎರಡು ಸಾವಿರದವರೆಗೆ ಬೇರೆಬೇರೆಯಾಗಿ ಎಣಿಸಿದ್ದಾರೆ. ಯಾವ ಅಂಕಿಯನ್ನು ಒಪ್ಪಿದರೂ, ಯುದ್ಧಾರಂಭದಲ್ಲಿದ್ದುದಕ್ಕಿಂತ ಯುದ್ಧಾಂತ್ಯದಲ್ಲಿ ಅಲ್ಲಿ ಯೆಹೂದ್ಯರು ಹೆಚ್ಚಾಗಿದ್ದರೆಂಬುದು ನಿರ್ವಿವಾದ.

'ಹಳೆಯ ಗಡಿಯೊಳಗೆ' ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಇಟಲಿಯವರು ೧೯೪೧ರಲ್ಲಿ ಯುಗೋಸ್ಲಾವಿಯದ ಕೊಸೊವೊ ಪ್ರಾಂತದ ಬಹುಭಾಗವನ್ನು ಅಲ್ಬೇನಿಯಕ್ಕೆ ಸೇರಿಸಿದ್ದರು. ಅಲ್ಲಿಯ ಜನರಲ್ಲಿ ಬಹುಮಂದಿ ಅಲ್ಬೇನಿಯ ಭಾಷೆಯನ್ನಾಡುವ ಮುಸಲ್ಮಾನರೇ. ಬೆಸ ಎಂಬ ಮಾತು ಅಲ್ಲಿಯೂ ಪವಿತ್ರವೇ. ಆದರೂ ೧೯೪೪ರ ಮೇ ತಿಂಗಳಲ್ಲಿ, ಅದೇ ಜನರಿಂದ ಹೊಸದಾಗಿ ಕಟ್ಟಿದ ಸ್ಕಂದರ್‌ಬೇಗ್ ಎಂಬ ಎಸ್.ಎಸ್. ಸೇನಾವಿಭಾಗವು ಪ್ರಿಷ್ಟಿನದ ಯೆಹೂದ್ಯರ ಮನೆಗಳಿಗೆ ನುಗ್ಗಿ ೨೮೧ ಮಂದಿಯನ್ನು ಹಿಡಿಯಿತು. ಅವರಲ್ಲಿ ಬಹುಮಂದಿಯನ್ನು ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ ಸಾಗಿಸಲಾಯಿತು, ಅನೇಕರು ಹಿಂದಿರುಗಲಿಲ್ಲ. ಬೊಸ್ನಿಯದಲ್ಲಿಯೂ ೧೯೪೩ರಲ್ಲಿ ಮುಸಲ್ಮಾನ ಯುವಕರನ್ನು ಸೇರಿಸಿಕೊಂಡು ಹಂಜರ್ ಎಂಬ ಎಸ್.ಎಸ್. ವಿಭಾಗ ರಚಿತವಾಯಿತು, ಹಾಜಿ ಅಮೀನನು ಅದಕ್ಕಾಗಿ ಓಡಾಡಿದನು.

ಒಂದೇ ಭಾಷೆ, ಒಂದೇ ಮತ, ಒಂದೇ ನಾಡಕಟ್ಟಳೆ. ಆದರೂ ಎರಡು ಕಡೆ ನಡತೆ ಬೇರೆಯಾದುದೇಕೆ? ಕೊಸೊವೊದಲ್ಲಿ ಸರ್ಬಿಯನ್ನರಿಗೂ ಅಲ್ಬೇನಿಯನ್ನರಿಗೂ ಇದ್ದ ಹಗೆ ತೀವ್ರವಾದದ್ದು. ಜರ್ಮನರು ಆ ಹಗೆಯನ್ನು ಬಳಸಿಕೊಂಡರು. ಯೆಹೂದ್ಯರು ಅಲ್ಲಿ ಹಿಂದಿನ ಯುಗೋಸ್ಲಾವ್ ರಾಜ್ಯದ ಪ್ರಜೆಗಳಾಗಿ ಕಂಡರು. ಇದು ನಮಗೆ ತೋರುವ ಒಂದು ಕಾರಣ. ಇನ್ನೊಂದು, ಬೆಸದ ಸ್ವರೂಪದಲ್ಲೇ ಇದೆ. ಅದು ಹೊಸ್ತಿಲನ್ನು ದಾಟಿ ಒಳಗೆ ಬಂದವನಿಗೆ ಸಿಕ್ಕುವ ರಕ್ಷಣೆಯೇ ಹೊರತು ಮಾನವಮಾತ್ರರಿಗೆಲ್ಲ ಸಲ್ಲುವ ಹಕ್ಕಲ್ಲ. ಯಾರ ಮನೆಯ ಮರೆಯನ್ನೂ ಹೊಕ್ಕಿರದ, ತಮ್ಮ ಸ್ವಂತ ಮನೆಗಳಲ್ಲೇ ಇದ್ದ ಪ್ರಿಷ್ಟಿನದ ಯೆಹೂದ್ಯರು ಯಾರ ಅತಿಥಿಗಳೂ ಆಗಿರಲಿಲ್ಲ. ಓಡಿಬಂದ ನಿರಾಶ್ರಿತನಿಗೆ ದೊರೆತ ರಕ್ಷಣೆ ಊರಿನಲ್ಲೇ ನೆಲೆಸಿದ್ದವನಿಗೆ ದೊರೆಯದೆ ಹೋದದ್ದು ಕ್ರೂರವಾದ ವೈಚಿತ್ರ್ಯ. ಆದರೆ ಸಂಪ್ರದಾಯದ ಒಳತರ್ಕವನ್ನು ನೋಡಿದರೆ ಅಷ್ಟೊಂದು ಆಶ್ಚರ್ಯವಲ್ಲ. ಕೊಸೊವೊದಲ್ಲಿಯೂ ಯೆಹೂದ್ಯರನ್ನು ಗುಟ್ಟಾಗಿ ಅಲ್ಬೇನಿಯಕ್ಕೆ ದಾಟಿಸಿದ ಮುಸಲ್ಮಾನರು ಇದ್ದರೆಂಬುದನ್ನೂ ಇಲ್ಲಿಯೇ ಹೇಳಬೇಕು.

ಬೊಸ್ನಿಯದ ರಾಜಧಾನಿ ಸರಯೇವೊದಲ್ಲಿ ಸ್ಥಿತಿ ಬೇರೆ. ಅದು ನಗರ. ಅಲ್ಲಿಯ ಯೆಹೂದ್ಯರು ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟು ತುರ್ಕಿಯ ಸುಲ್ತಾನರ ರಾಜ್ಯದಲ್ಲಿ ಆಶ್ರಯ ಪಡೆದವರ ಸಂತತಿಯವರು. ನಾಲ್ಕು ಶತಮಾನಗಳಿಂದ ಮುಸಲ್ಮಾನರ ನೆರೆಯಲ್ಲಿ ಬಾಳಿದವರು. ಇಲ್ಲಿ ಕಾಣುವುದು ಅತಿಥಿಧರ್ಮಕ್ಕಿಂತ ನೆರೆಧರ್ಮ. ಬೊಸ್ನಿಯದವರು ಇದಕ್ಕೆ 'ಕೊಂಷಿಲುಕ್' ಎನ್ನುತ್ತಾರೆ. ತುರ್ಕಿ ಭಾಷೆಯಿಂದ ಬಂದ ಮಾತು. ನೆರೆಯವನು ಯಾವ ಮತದವನಾದರೂ ಹಬ್ಬಕ್ಕೂ ಸಾವಿಗೂ ಹೋಗಿಬರಬೇಕೆಂಬ ವಾಡಿಕೆ ಅದು.

೧೯೪೧ರ ಏಪ್ರಿಲ್‌ನಲ್ಲಿ ಜರ್ಮನರು ಸರಯೇವೊದ ಮೇಲೆ ಬಾಂಬುಗಳನ್ನು ಸುರಿದಾಗ, ಕೊಳವೆಗಳ ಕಾರ್ಖಾನೆ ನಡೆಸುತ್ತಿದ್ದ ಯೋಸೆಫ್ ಕಬಿಲ್ಯೊ ಎಂಬ ಯೆಹೂದ್ಯನ ಮನೆ ನೆಲಸಮವಾಯಿತು. ಕಾರ್ಖಾನೆಯಿದ್ದ ಕಟ್ಟಡ ಮುಸ್ತಫಾ ಹರ್ದಗ ಎಂಬ ಮುಸಲ್ಮಾನ ವರ್ತಕನದು. ಆತನು ಕಬಿಲ್ಯೊ ಕುಟುಂಬವನ್ನು ತನ್ನ ಮನೆಗೆ ಕರೆದೊಯ್ದನು. ಹರ್ದಗ ಮನೆಯ ಹೆಂಗಸರು ಪರಪುರುಷರೆದುರು ಮುಖಪರದೆ ತೆಗೆಯದ ಸಂಪ್ರದಾಯಸ್ಥರು. ಅನ್ಯಪುರುಷನೊಬ್ಬ ಒಂದೇ ಸೂರಿನ ಕೆಳಗಿದ್ದರೆ ಮನೆಯಲ್ಲಿ ಬಾಳು ನಡೆಯುವುದು ಹೇಗೆ? ಅವರು ಕಂಡುಕೊಂಡ ಪರಿಹಾರ ಸರಳವಾದದ್ದು: ಬಂದವರನ್ನು ಒಡಹುಟ್ಟಿದವರೆಂದು ಘೋಷಿಸಿಬಿಟ್ಟರು, ಸೋದರನೆದುರು ಪರದೆ ಬೇಕಾಗಿಲ್ಲವಷ್ಟೆ. ಮತದ ಕಟ್ಟಳೆಯನ್ನು ಮೀರದೆಯೇ, ಅದರ ಬಂಧುತ್ವದ ವಿಧಿಯನ್ನೇ ಹಿಗ್ಗಿಸಿ, ಅನ್ಯಮತದವನಿಗೆ ಅದರೊಳಗೆ ಎಡೆಮಾಡಿಕೊಟ್ಟ ಈ ಬಗೆ ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಯೋಚಿಸತಕ್ಕದ್ದು. ಗೆಸ್ಟಪೊ ಪೊಲೀಸರ ಕಚೇರಿ ಆ ಮನೆಗೆ ಹತ್ತಿರದಲ್ಲೇ ಇದ್ದಿತು.

ಕಬಿಲ್ಯೊ ತನ್ನ ಹೆಂಡತಿ ಮಕ್ಕಳನ್ನು ಇಟಲಿಯವರ ವಶದಲ್ಲಿದ್ದ ಮೊಸ್ತಾರಿಗೆ ಕಳುಹಿಸಿ, ವ್ಯವಹಾರ ತೀರಿಸಿಕೊಳ್ಳಲು ತಾನು ಹಿಂದುಳಿದು, ಉಸ್ತಾಷಾ ಎಂಬ ಕ್ರೊಯೇಷಿಯದ ಫ್ಯಾಸಿಸ್ಟರ ಕೈಗೆ ಸಿಕ್ಕಿದನು. ಹಿಮ ವಿಪರೀತವಾಗಿ ಬಿದ್ದುದರಿಂದ ಕೈದಿಗಳನ್ನು ಯಾಸೆನೊವಾತ್ಸ್ ಎಂಬ ಮರಣಶಿಬಿರಕ್ಕೆ ಸಾಗಿಸಲು ಆಗಲಿಲ್ಲ. ಕಾಲಿಗೆ ಸರಪಳಿ ಬಿಗಿದು ಬೀದಿಯ ಹಿಮ ತೆಗೆಯುವ ಕೆಲಸಕ್ಕೆ ಹಚ್ಚಿದರು. ಮುಸ್ತಫಾನ ಹೆಂಡತಿ ಝೆಯ್ನೆಬ ಆತನನ್ನು ಅಲ್ಲಿ ಕಂಡು, ಅಪಾಯವನ್ನು ಲೆಕ್ಕಿಸದೆ ಕೈದಿಗಳಿಗೆ ಆಹಾರವನ್ನು ಒದಗಿಸತೊಡಗಿದಳು. ಕಬಿಲ್ಯೊ ತಪ್ಪಿಸಿಕೊಂಡು ಮತ್ತೆ ಹರ್ದಗ ಮನೆಗೇ ಬಂದನು, ಚೇತರಿಸಿಕೊಂಡನು. ಯೆಹೂದ್ಯರನ್ನು ಅಡಗಿಸಿದವರಿಗೆ ಮರಣದಂಡನೆಯೆಂಬ ಸಾರುಪತ್ರಗಳನ್ನು ಗೋಡೆಗಳ ಮೇಲೆ ಕಂಡ ಮೇಲೆ, ಆಶ್ರಯದಾತರಿಗೆ ಕೇಡಾಗಬಾರದೆಂದು ಮೊಸ್ತಾರಿಗೆ ಹೊರಟುಹೋದನು. ಯುದ್ಧಾನಂತರ ಸರಯೇವೊಗೆ ಮರಳಿದಾಗ ಆತನಿಗೆ ಹರ್ದಗ ಮನೆಯೇ ಮತ್ತೆ ನೆಲೆಯಾಯಿತು. ತಾನು ಇಟ್ಟುಹೋಗಿದ್ದ ಒಡವೆಗಳ ಪೆಟ್ಟಿಗೆಯೂ ಹಾಗೆಯೇ ಸಿಕ್ಕಿತು. ಝೆಯ್ನೆಬಳ ತಂದೆ ಅಹ್ಮದ್ ಸಾದಿಕ್, ಬೇರೊಂದು ಯೆಹೂದ್ಯ ಕುಟುಂಬವನ್ನು ಕಾಪಾಡಿದ ತಪ್ಪಿಗಾಗಿ ಕೊಲ್ಲಲ್ಪಟ್ಟಿದ್ದನೆಂಬ ಸುದ್ದಿಯೂ ಆಗಲೇ ತಿಳಿಯಿತು.

ಅದೇ ನಗರದ ವಸ್ತುಸಂಗ್ರಹಾಲಯದಲ್ಲಿ ದೆರ್ವಿಶ್ ಕೊರ್ಕುತ್ ಎಂಬ ವಿದ್ವಾಂಸನು ಗ್ರಂಥಪಾಲಕನಾಗಿದ್ದನು. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನಿನಲ್ಲಿ ರಚಿತವಾದ, 'ಸರಯೇವೊ ಹಗ್ಗಾದ' ಎಂದು ಪ್ರಸಿದ್ಧವಾದ ಯೆಹೂದ್ಯರ ಸಚಿತ್ರ ಹಸ್ತಪ್ರತಿಯನ್ನು ೧೯೪೨ರಲ್ಲಿ ಜರ್ಮನ್ ಸೇನಾಧಿಕಾರಿ ಕೇಳಿಕೊಂಡು ಬಂದಾಗ, ಅದು ಅವನ ಕೈಸೇರದಂತೆ ಸಾಗಹಾಕಿದವನು ಈತ. ಅದನ್ನು ಎಲ್ಲಿ ಅಡಗಿಸಿದನೆಂಬುದಕ್ಕೆ ಹಲವು ಪಾಠಾಂತರಗಳಿವೆ. ಹಸ್ತಪ್ರತಿಯ ಕಥೆ ಲೋಕಪ್ರಸಿದ್ಧವಾಗಿ, ಕೊರ್ಕುತ್ ದಂಪತಿಗಳು ಅದೇ ವರ್ಷ ಒಬ್ಬ ಯೆಹೂದ್ಯ ತರುಣಿಗೆ ಮುಸಲ್ಮಾನ ಹೆಸರಿಟ್ಟು, ಮನೆಗೆಲಸದವಳೆಂದು ಹೇಳಿ, ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿಟ್ಟುಕೊಂಡಿದ್ದ ಸಂಗತಿ ಮರೆಯಾಗಿಹೋಗಿತ್ತು. ಗ್ರಂಥಗಳ ರಕ್ಷಣೆಯನ್ನು ಮನುಷ್ಯರ ರಕ್ಷಣೆಗಿಂತ ಬೇಗ ನೆನೆಯುವುದು ನಮ್ಮಂಥ ಪಂಡಿತವರ್ಗದವರ ದೌರ್ಬಲ್ಯವಿರಬಹುದು.

ಅಧಿಕಾರದಲ್ಲಿದ್ದವರು ಅನುಸರಿಸಿದ ಮಾರ್ಗ ಬೇರೆ. ಅವರ ಸಾಧನ ಮನೆಯಲ್ಲ, ಕಾಗದ. ೧೯೪೪ರ ಜುಲೈಯಲ್ಲಿ ರೋಡ್ಸ್ ದ್ವೀಪದ ಸುಮಾರು ೧,೭೦೦ ಯೆಹೂದ್ಯರನ್ನು ಔಷ್‌ವಿತ್ಸ್ ಶಿಬಿರಕ್ಕೆ ಸಾಗಿಸಲು ಜರ್ಮನರು ಒಟ್ಟುಗೂಡಿಸಿದಾಗ, ತುರ್ಕಿಯ ಕಾನ್ಸಲ್ ಸೆಲಾಹತ್ತಿನ್ ಉಲ್ಕುಮೆನ್ ತನ್ನ ದೇಶದ ಪ್ರಜೆಗಳನ್ನು ಬಿಡಬೇಕೆಂದು ಪಟ್ಟುಹಿಡಿದನು. ತುರ್ಕಿಯ ಪ್ರಜೆಯ ಪತಿಯೂ ಪತ್ನಿಯೂ ತುರ್ಕಿಯ ಕಾನೂನಿನಂತೆ ಪ್ರಜೆಗಳೇ ಎಂದು ವಾದಿಸಿದನು. ಅಂಥ ಕಾನೂನು ಇರಲೇ ಇಲ್ಲವೆಂಬುದು ಬದುಕಿ ಉಳಿದವರಿಗೆ ಅನಂತರ ತಿಳಿಯಿತು! ಸುಮಾರು ೫೦ ಮಂದಿ ಹೀಗೆ ಪಾರಾದರು. ಪ್ಯಾರಿಸಿನಲ್ಲಿ ಇರಾನಿನ ಕಾನ್ಸಲ್ ಆಗಿದ್ದ ಅಬ್ದುಲ್ ಹುಸೇನ್ ಸರ್ದಾರಿಯು, ಇರಾನಿನ ಮೋಸೆಮತಾನುಯಾಯಿಗಳು ಜನಾಂಗದಿಂದ ಯೆಹೂದ್ಯರೇ ಅಲ್ಲವೆಂದು ನಾಜೀಗಳ ಜನಾಂಗಶಾಸ್ತ್ರವನ್ನೇ ಹಿಡಿದು ಅವರೊಡನೆ ತರ್ಕಿಸಿದನು. ಬರ್ಲಿನ್ನಿನಲ್ಲಿ ಮೊಹಮದ್ ಹೆಲ್ಮಿ ಎಂಬ ಈಜಿಪ್ಟಿನ ವೈದ್ಯನು ಆನ್ನಾ ಬೊರೊಸ್ ಎಂಬ ಯೆಹೂದ್ಯ ಹುಡುಗಿಯನ್ನು ಯುದ್ಧ ಮುಗಿಯುವವರೆಗೆ ಅಡಗಿಸಿ, ಅವಳು ಇಸ್ಲಾಂ ಮತಕ್ಕೆ ಸೇರಿದಳೆಂಬ ಪ್ರಮಾಣಪತ್ರವನ್ನೂ ಸಂಪಾದಿಸಿಕೊಟ್ಟನು.

ಇನ್ನು ಸಾಕ್ಷ್ಯದ ಮಾತು. ಅಡಗಿಸುವ ಕೆಲಸದ ಯಶಸ್ಸು ಕುರುಹು ಉಳಿಯದಿರುವುದರಲ್ಲೇ ಇದೆ. ಆದುದರಿಂದ ಯಶಸ್ವಿಯಾದ ರಕ್ಷಣೆ ದಾಖಲೆಯನ್ನು ಬಿಟ್ಟುಹೋಗುವುದಿಲ್ಲ. ಬಹುಮಟ್ಟಿಗೆ ರಕ್ಷಿತರ ಹೇಳಿಕೆಗಳೇ ನಮಗೆ ಆಧಾರ. ಯಾದ್ ವಶೆಮ್ ಸಂಸ್ಥೆಯೂ ಪ್ರಾಣಾಪಾಯವಿತ್ತೆಂಬುದು, ಪ್ರತಿಫಲವನ್ನು ಬಯಸಲಿಲ್ಲವೆಂಬುದು ಇಂಥ ಹೇಳಿಕೆಗಳಿಂದ ಸಿದ್ಧವಾಗಬೇಕೆಂದು ಕೇಳುತ್ತದೆ. ಅಲ್ಬೇನಿಯದಲ್ಲಿ ಯುದ್ಧಾನಂತರ ಸ್ಥಾಪಿತವಾದ ಕಮ್ಯೂನಿಸ್ಟ್ ಆಡಳಿತವು ದೇಶದ ಬಾಗಿಲನ್ನು ಹೊರಲೋಕಕ್ಕೆ ಮುಚ್ಚಿ, ೧೯೬೭ರಲ್ಲಿ ಎಲ್ಲ ಮತಾಚರಣೆಯನ್ನೂ ನಿಷೇಧಿಸಿತು. ಮಸೀದಿಗಳೂ ಚರ್ಚುಗಳೂ ಮುಚ್ಚಿದವು. ರಕ್ಷಿಸಿದವರಿಗೂ ರಕ್ಷಿತರಿಗೂ ಸಂಪರ್ಕ ಕಡಿದುಹೋಯಿತು. ಗಾವ್ರ ಮಾಂದಿಲನು ಬಾಲ್ಯದ ತನ್ನ ಅನುಭವವನ್ನು ಬರೆದು ಯಾದ್ ವಶೆಮ್ ಸಂಸ್ಥೆಗೆ ಕಳುಹಿಸಿದ ಮೇಲೆ, ೧೯೮೭ರಲ್ಲಿ ವೆಸೆಲ್, ಫಾತಿಮ, ರೆಫಿಕ್ ಈ ಮೂವರ ಹೆಸರುಗಳು ಪಟ್ಟಿಗೆ ಸೇರಿದವು. ಅಲ್ಬೇನಿಯದವರಲ್ಲಿ ಅವರೇ ಮೊದಲಿಗರು. ೧೯೯೧ರಲ್ಲಿ ಹಳೆಯ ಆಡಳಿತ ಕುಸಿದ ಬಳಿಕವೇ ಉಳಿದವರ ಸಂಗತಿ ಹೊರಬರತೊಡಗಿತು. ಇಂದು ಅಲ್ಬೇನಿಯದವರ ಸಂಖ್ಯೆ ಎಪ್ಪತ್ತನ್ನು ಮೀರಿದೆ. ಹರ್ದಗ ಕುಟುಂಬಕ್ಕೆ ೧೯೮೪ರಲ್ಲಿ, ಉಲ್ಕುಮೆನನಿಗೆ ೧೯೮೯ರಲ್ಲಿ, ಕೊರ್ಕುತ್ ದಂಪತಿಗಳಿಗೆ ೧೯೯೪ರಲ್ಲಿ ಮನ್ನಣೆ ಬಂದಿತು. ಅರಬ್ಬರಲ್ಲಿ ಮೊದಲಿಗನಾಗಿ ಹೆಲ್ಮಿಯ ಹೆಸರು ಸೇರಿದ್ದು ೨೦೧೩ರಲ್ಲಿ, ಆತ ತೀರಿಕೊಂಡು ೩೧ ವರ್ಷಗಳಾದ ಮೇಲೆ.

ಸಾಕ್ಷ್ಯವು ಎಷ್ಟು ದುರ್ಬಲವಾಗಬಹುದೆಂಬುದಕ್ಕೆ ಪ್ಯಾರಿಸಿನ ದೊಡ್ಡ ಮಸೀದಿಯ ವಿಚಾರ ನಿದರ್ಶನವಾಗಿದೆ. ಅದರ ಮುಖ್ಯಸ್ಥನಾಗಿದ್ದ ಸಿ ಕದ್ದೂರ್ ಬೆನ್‌ಘಬ್ರಿತ್ ಯೆಹೂದ್ಯರಿಗೆ ಮುಸಲ್ಮಾನರೆಂಬ ಸುಳ್ಳು ಪ್ರಮಾಣಪತ್ರಗಳನ್ನು ಕೊಟ್ಟನೆಂದು ಹೇಳಲಾಗುತ್ತದೆ. ಸಲೀಂ ಹಲಾಲಿ ಎಂಬ ಗಾಯಕನು ಹಾಗೆ ಉಳಿದನು. ಜರ್ಮನರಿಗೆ ಇಂಥ ಸಂಶಯವಿತ್ತೆಂಬುದಕ್ಕೆ ೧೯೪೦ರ ಸೆಪ್ಟೆಂಬರಿನ ಸರ್ಕಾರಿ ಟಿಪ್ಪಣಿಯೂ ಇದೆ. ಆದರೆ ಉಳಿದವರ ಸಂಖ್ಯೆಯನ್ನು ಕೆಲವರು ಸಾವಿರದೇಳುನೂರರವರೆಗೆ ಏರಿಸಿದ್ದಾರೆ; ಅದು ಒಬ್ಬನೇ ವ್ಯಕ್ತಿಯ ಹೇಳಿಕೆಯ ಮೇಲೆ ನಿಂತಿರುವ ಅಂಕಿ. ಅದನ್ನು ಒಪ್ಪಲು ನಾವು ಸಿದ್ಧರಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವೂ ಒಂದುಂಟು. ಟುನೀಸಿಯವು ೧೯೪೨ರ ನವೆಂಬರ್‌ನಿಂದ ೧೯೪೩ರ ಮೇವರೆಗೆ ಜರ್ಮನರ ವಶದಲ್ಲಿದ್ದಾಗ, ಮಹ್ದಿಯದ ಖಾಲಿದ್ ಅಬ್ದುಲ್ ವಹಾಬ್ ಎಂಬ ಜಮೀನುದಾರನು ಸುಮಾರು ಇಪ್ಪತ್ತು ಮಂದಿಗೂ ಮಿಕ್ಕಿ ಯೆಹೂದ್ಯರನ್ನು ತನ್ನ ತೋಟದಲ್ಲಿ ಇಟ್ಟುಕೊಂಡು ಕಾಪಾಡಿದನು. ೨೦೦೭ರಲ್ಲಿ ಆತನ ಹೆಸರನ್ನು ಸೂಚಿಸಲಾಯಿತಾದರೂ, ಪ್ರಾಣಾಪಾಯವನ್ನು ಎದುರಿಸಿದನೆಂಬ ನಿಬಂಧನೆ ಈಡೇರಲಿಲ್ಲವೆಂದು ಮನ್ನಣೆ ದೊರೆಯಲಿಲ್ಲ. ಪದಕದ ನಿಯಮಗಳು ಪದಕಕ್ಕೆ ಸರಿಯೇ. ಚರಿತ್ರಕಾರನು ಅವನ್ನು ತನ್ನ ನಿಯಮಗಳೆಂದು ಭಾವಿಸಬೇಕಾಗಿಲ್ಲ. ಪಟ್ಟಿಯ ಹೊರಗೆ ಉಳಿದವರೂ ಆತನ ವಿಷಯವೇ.

ಋಣ ಹಿಂದಿರುಗಿದ ಪ್ರಸಂಗಗಳೂ ಉಂಟು. ಸರಯೇವೊ ನಗರ ಮುತ್ತಿಗೆಗೊಳಗಾಗಿದ್ದ ೧೯೯೪ರಲ್ಲಿ, ವೃದ್ಧೆಯಾಗಿದ್ದ ಝೆಯ್ನೆಬ ಹರ್ದಗಳನ್ನೂ ಆಕೆಯ ಮಗಳ ಕುಟುಂಬವನ್ನೂ ಇಸ್ರೇಲಿಗೆ ಕರೆಸಿಕೊಳ್ಳಲಾಯಿತು. ೧೯೯೯ರಲ್ಲಿ ಕೊಸೊವೊದಿಂದ ಹೊರದೂಡಲ್ಪಟ್ಟ ಕೊರ್ಕುತನ ಮಗಳಿಗೆ, ತಂದೆತಾಯಿಗಳಿಗೆ ಬಂದಿದ್ದ ಪ್ರಶಸ್ತಿಪತ್ರದ ಪ್ರತಿಯೇ ಇಸ್ರೇಲಿನಲ್ಲಿ ಆಶ್ರಯ ದೊರೆಯಲು ಸಾಧನವಾಯಿತು.

ಈ ವಿಷಯದಲ್ಲಿ ಮುಂದೆ ಕೆಲಸಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಇಂಗ್ಲಿಷಿನಲ್ಲಿ ದೊರೆಯುವ ಬರಹಗಳು ಬಹುತೇಕ ರಕ್ಷಿತರ ಕಡೆಯಿಂದ ಬಂದವು. ಆಶ್ರಯವಿತ್ತವರ ಮನೆಗಳಲ್ಲಿ, ವಿಶೇಷವಾಗಿ ಹೆಂಗಸರ ನಡುವೆ, ಏನು ಮಾತು ನಡೆಯಿತು, ಯಾರು ಬೇಡವೆಂದರು, ಅಡುಗೆಯ ಹಿಟ್ಟು ಎಲ್ಲಿಂದ ಬಂತು ಎಂಬ ಸಂಗತಿಗಳು ಅವುಗಳಲ್ಲಿ ಅಪರೂಪ. ಫಾತಿಮ ವೆಸೆಲಿ ಒಂದು ವರ್ಷಕಾಲ ಎರಡು ಕುಟುಂಬಗಳಿಗೆ ಹೆಚ್ಚಾಗಿ ಬೇಯಿಸಿ ಹಾಕಿರಬೇಕಷ್ಟೆ. ಆ ಲೆಕ್ಕವನ್ನು ನಾವು ಎಲ್ಲಿಯೂ ಕಂಡಿಲ್ಲ. ಅಲ್ಬೇನಿಯ ಮತ್ತು ಬೊಸ್ನಿಯದ ಭಾಷೆಗಳನ್ನು ಕಲಿತು, ಆ ಮನೆಗಳ ಮಕ್ಕಳು ಮೊಮ್ಮಕ್ಕಳನ್ನು ಕಂಡು ಕೇಳುವವರಿಗೆ ಇನ್ನೂ ಸಾಕಷ್ಟು ಕೆಲಸ ಉಳಿದಿದೆ.